ಲೇಹ್‌ನಿಂದ ಪೋರ್ಟ್ ಬ್ಲೇರ್‌ಗೆ ನಾಲ್ಕೇ ಗಂಟೆ

ಪರದೆಯ ಮೇಲೆ ಬಂದದ್ದೆಲ್ಲ ನಿಜವೆಂದು ನಂಬುವ ಜಾತಿಯವನು ನಾನು. ಅದೇ ಮಾತನ್ನು ಹೆಂಡತಿ ಹೇಳಿದರೆ ಹತ್ತು ಪ್ರಶ್ನೆ ಕೇಳುತ್ತೇನೆ. ಈ ಬುದ್ಧಿಯಿಂದ ಒಮ್ಮೆ ಒಂದಿಡೀ ದಿನ ಪ್ರಾಣ ಬಾಯಿಗೆ ಬಂದಿತ್ತು. ಎಲ್ಲ ಸುಖಾಂತವಾದ್ದರಿಂದ ಈಗ ನಗುತ್ತಾ ಬರೆಯುತ್ತಿದ್ದೇನೆ.

ಮಗಳಿಗೆ ಪೋರ್ಟ್ ಬ್ಲೇರ್‌ನಲ್ಲಿ ಬ್ಯಾಂಕ್ ಕೆಲಸ. ಅಳಿಯ ಲೇಹ್‌ನಲ್ಲಿ ರಸ್ತೆ ಮಾಡಿಸುವ ಎಂಜಿನಿಯರ್. ಒಬ್ಬಳು ಸಮುದ್ರದ ನಡುವೆ, ಇನ್ನೊಬ್ಬ ಹಿಮದ ನಡುವೆ. ನಾವು ಮುಂಬಯಿ ಪಕ್ಕದ ಡೊಂಬಿವಲಿಯ ಮೂರನೇ ಮಾಳಿಗೆಯಲ್ಲಿ. ಹೀಗಿರುವಾಗ ಮಗಳಿಗೆ ಡೆಂಗ್ಯೂ ಬಂತು. ಆಸ್ಪತ್ರೆಯಲ್ಲಿ ಒಬ್ಬಳೇ. ನನ್ನ ಕಾಲು ಪ್ಲಾಸ್ಟರಿನಲ್ಲಿ, ನನ್ನನ್ನು ಬಿಟ್ಟು ಹೆಂಡತಿ ಹೊರಡುವಂತಿಲ್ಲ. ಅಳಿಯ ಫೋನ್ ಮಾಡಿ, "ಮಾವ, ಬೆಳಿಗ್ಗೆಯ ವಿಮಾನಕ್ಕೆ ಹೊರಡ್ತೇನೆ" ಎಂದ.

ನಾನು ಕಂಪ್ಯೂಟರಿನ ಮುಂದೆ ಕೂತೆ. ಎರಡು ವಿಮಾನ ನಿಲ್ದಾಣಗಳ ಹೆಸರು ಕೊಟ್ಟರೆ ನಡುವಿನ ದೂರ, ಪ್ರಯಾಣದ ಸಮಯ ಹೇಳುವ ತಾಣವೊಂದು ಸಿಕ್ಕಿತು. ಸುಮಾರು ನಾಲ್ಕು ಗಂಟೆ! ನಮ್ಮ ಹಿರಿಯರು ದೂರವನ್ನು ಕೂಗಳತೆ, ಹರದಾರಿ, ಗಾವುದ ಎಂದು ಅಳೆದರು. ನಮ್ಮ ಕಡೆಯ ಲೋಕಲ್ ರೈಲಿನವರಿಗೆ ಕಿಲೋಮೀಟರಿನ ಗೊಡವೆಯೇ ಇಲ್ಲ. ಠಾಣೆ ಊರು ಎಷ್ಟು ದೂರ ಎಂದರೆ "ಸ್ಲೋ ಆದ್ರೆ ಇಷ್ಟು, ಫಾಸ್ಟ್ ಆದ್ರೆ ಇಷ್ಟು" ಎಂದು ನಿಮಿಷ ಹೇಳುತ್ತಾರೆ. ನಾನೂ ಅದೇ ಲೆಕ್ಕ ಹಾಕಿ, "ಊಟದ ಹೊತ್ತಿಗೆ ಬರ್ತಾನೆ ಮಗಾ" ಎಂದು ಫೋನಿನಲ್ಲಿ ಮಗಳಿಗೆ ಭರವಸೆ ಕೊಟ್ಟುಬಿಟ್ಟೆ.

ಊಟದ ಹೊತ್ತು ಮೀರಿತು, ಚಹಾದ ಹೊತ್ತೂ ಮೀರಿತು. ಅಳಿಯನ ಫೋನ್ ಬಂದ್. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ ಮಗಳು ಫೋನಿನಲ್ಲಿ ಅಳತೊಡಗಿದಳು. ನನಗೆ ಅವಳ ಜ್ವರಕ್ಕಿಂತ ಅವನ ವಿಮಾನದ ಚಿಂತೆಯೇ ದೊಡ್ಡದಾಯಿತು. ದಾರಿಯಲ್ಲಿ ಬೆಟ್ಟಗಳೆಷ್ಟು, ಸಮುದ್ರವೆಷ್ಟು!

ಹೆಂಡತಿ ಕನ್ನಡಕ ಹಾಕಿಕೊಂಡು ಪರದೆಯ ಕೆಳಗಿನ ಸಣ್ಣ ಅಕ್ಷರ ಓದಿದಳು. ಆ ಎರಡು ಊರುಗಳ ನಡುವೆ ನೇರ ವಿಮಾನವೇ ಇಲ್ಲ, ನಾಲ್ಕು ಗಂಟೆ ಎನ್ನುವುದು ನಕ್ಷೆಯ ಮೇಲೆ ಗೆರೆ ಎಳೆದ ಲೆಕ್ಕ.

"ನೀವೆಂತ ಸುಮ್ಮನೆ ಮಂಡೆಬಿಸಿ ಮಾಡುದು ಮಾರಾಯ್ರೆ? ನಾನು ಇಷ್ಟು ವರ್ಷ ಆಫೀಸಿಗೆ ಹೇಗೆ ಹೋದದ್ದು? ಮುಂಬಯಿಗೆ ಹೋಗ್ಲಿಕ್ಕೆ ಮೊದ್ಲು ಉಲ್ಟಾ ಕಲ್ಯಾಣಕ್ಕೆ ಹೋಗಿ, ಸೀಟು ಹಿಡಿದು, ಅದೇ ಗಾಡಿಯಲ್ಲಿ ವಾಪಸ್ ಬರ್ಲಿಲ್ವಾ? ಅವನೂ ಹಾಗೇ ಎಲ್ಲಿಯೋ ಸುತ್ತಿ ಬರ್ತಾ ಇರ್ಬೇಕು."

ಸಂಜೆ ಅಪರಿಚಿತ ನಂಬರಿನಿಂದ ಕರೆ ಬಂತು. "ಮಾವ, ಲೇಹ್‌ನ ಪ್ರಿಪೇಯ್ಡ್ ಸಿಮ್ ಹೊರಗೆ ನಡೆಯುದಿಲ್ಲ, ದಿಲ್ಲಿಯಲ್ಲಿ ಇಳಿದ ಕೂಡ್ಲೆ ಸತ್ತಿತು. ಈಗ ಚೆನ್ನೈಯಲ್ಲಿದ್ದೇನೆ, ಯಾರದ್ದೋ ಫೋನು. ಮುಂದಿನ ವಿಮಾನ ನಾಳೆ ಬೆಳಿಗ್ಗೆಯೇ." ನಾನು ಫೋನನ್ನು ಹೆಂಡತಿಗೆ ಕೊಟ್ಟೆ. ಎದೆ ಹಗುರವಾಗಿತ್ತು.

ಮರುದಿನ ಮಗಳೇ ಫೋನ್ ಮಾಡಿದಳು. ಇಲ್ಲೇ ಹುಟ್ಟಿ ಬೆಳೆದವಳ ಕನ್ನಡ ಸಂತೋಷವಾದಾಗ ಹಿಂದಿಯ ಕಡೆ ವಾಲುತ್ತದೆ. "ಪಪ್ಪಾ, ಇವರು ಆ ಗಯೇ! ಜ್ವರವೂ ಕಮ್ಮಿ ಆಯ್ತು. ಆದ್ರೆ ಬಂದವರೇ ಕುರ್ಚಿಯಲ್ಲಿ ಸೋ ಗಯೇ, ಗಾಢ ನಿದ್ದೆ. ಪೇಶಂಟ್ ಯಾರು ಅಂತ ನರ್ಸ್ ಕೇಳ್ತಿದ್ದಾಳೆ."

ಮಗಳು ಫೋನನ್ನು ಅಳಿಯನ ಮೂಗಿನ ಹತ್ತಿರ ಹಿಡಿದಳು. ನಾವಿಬ್ಬರೂ ಸ್ಪೀಕರ್ ಹಾಕಿ, ಸಂಗೀತ ಕಛೇರಿಗೆ ಬಂದವರಂತೆ ಗಂಭೀರವಾಗಿ ಕೂತು ಕೇಳಿದೆವು. ಮನುಷ್ಯ ತಲುಪಿದನೆಂದು ನಂಬುವಂತೆ ಹೇಳಬಲ್ಲದ್ದು ಗಡಿಯಾರವಲ್ಲ, ಗೊರಕೆ.