ಮುಷ್ಟಿ ಬಿಡಿಸಿದ ಅಕ್ಕೋರು

ಅಕ್ಕೋರ ಕೈಬೆರಳು ಬಿರುಬೇಸಿಗೆಯಲ್ಲೂ ತಣ್ಣಗಿರುತ್ತಿದ್ದವು. ಎದುರಿಗೆ ಯಾರೇ ಸಿಗಲಿ, ನಮಸ್ಕಾರ, ಸಲಾಮು ಎಲ್ಲ ಆಮೇಲೆ; ಮೊದಲು ಆ ಎರಡು ತಣ್ಣನೆಯ ಬೆರಳು ಮಣಿಕಟ್ಟಿನ ಮೇಲೆ ಬಂದು ಕೂರುತ್ತಿದ್ದವು. ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದರೂ ಅಷ್ಟೇ, ಮದುವೆಯ ಪಂಕ್ತಿಯಲ್ಲಿ ಕೂತಿದ್ದರೂ ಅಷ್ಟೇ. ಕಣ್ಣು ಅರೆ ಮುಚ್ಚಿ, ತಲೆಯ ಮೇಲಿನ ಸೆರಗು ಜಾರಿದ್ದನ್ನೂ ಲೆಕ್ಕಿಸದೆ ನಾಡಿ ನೋಡಿ, "ಯಾಕ ಬೇ, ಓಡಿ ಬಂದೀ ಏನು? ಇಲ್ಲಾ ಯಾರ ಕೂಡ ಜಗಳಾ ತಗದು ಬಂದೀ?" ಎಂದು ಕೇಳುತ್ತಿದ್ದರು. ನಾನು ಹೆಚ್ಚಾಗಿ ಜಗಳ ತೆಗೆದೇ ಬಂದಿರುತ್ತಿದ್ದೆ. ನನ್ನದು ಸುಮ್ಮನಿರುವ ಬಾಯಿಯಲ್ಲ.

ಗುಡಗೇರಿಯಲ್ಲಿ ನಮಗೆ ಹೈಸ್ಕೂಲಿನ ವಿಜ್ಞಾನ ಕಲಿಸಿದವರು ಅವರು. ನಮ್ಮ ಕಡೆ ಪಾಠ ಹೇಳುವ ಹೆಣ್ಣುಮಕ್ಕಳೆಲ್ಲರೂ ಅಕ್ಕೋರೇ. ಆದರೆ ಊರಿನಲ್ಲಿ ಬರೀ 'ಅಕ್ಕೋರು' ಎಂದರೆ ಅವರೊಬ್ಬರೇ. ಮನೆಯೊಳಗೆ ಉರ್ದು ಮಾತು, ಹೊಸ್ತಿಲು ದಾಟಿದರೆ ನಮ್ಮೆಲ್ಲರಿಗಿಂತ ಖಡಕ್ ಕನ್ನಡ. ಹುಡುಗರು ಓದದಿದ್ದರೆ ಬೈಯುತ್ತಿದ್ದರು, ಬೈದು ಮುಗಿಸಿ ಡಬ್ಬಿಯಿಂದ ಶೇಂಗಾ ತೆಗೆದು ಕೊಡುತ್ತಿದ್ದರು. ಯಾರಾದರೂ "ನನಗ ಎದಿ ಡವಡವ ಅಂತೈತ್ರಿ ಅಕ್ಕೋರ" ಎಂದರೆ ಅವರದು ಒಂದೇ ಮಾತು: "ಎದಿಗೇನ ಗೊತ್ತು ಬಡಪಾಯಿಗೆ? ತಲಿ ಹೇಳಿದ್ದು ಕೇಳತೈತಿ, ಅಷ್ಟ."

ಆ ಮಾತಿನ ಅರ್ಥವನ್ನು ಅವರು ತೋರಿಸಿದ ದಿನ ನನಗೆ ಇಂದಿಗೂ ನಗು ತರಿಸುತ್ತದೆ. ನರಮಂಡಲದ ಪಾಠ. ಅಕ್ಕೋರು ಮನೆಯಿಂದ ಒಣ ಮೆಣಸಿನಕಾಯಿ ಮತ್ತು ಬೆಲ್ಲದ ಹೆಂಟೆ ತಂದಿದ್ದರು. ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, "ಒಬ್ಬರಿಗೊಬ್ಬರು ತಾಗಬಾರದು. ನರಾನೂ ಹಿಂಗ, ಒಂದಕ್ಕೊಂದು ಮುಟ್ಟೂದಿಲ್ಲ, ನಡುವ ಸಂದ ಇರತೈತಿ. ಆ ಸಂದ ದಾಟಿ ಹೋಗೂದು ರಾಸಾಯನಿಕ" ಎಂದರು. ಸಾಲಿನ ಮೊದಲಿನವಳು ಮೆದುಳು, ಕೊನೆಯವಳಾದ ನಾನು ಹೃದಯ. ಕೈಯಿಂದ ಕೈಗೆ ಮೆಣಸಿನಕಾಯಿ ಬಂದರೆ ಡಸ್ಟರಿನಿಂದ ಟೇಬಲ್ಲನ್ನು ಜೋರಾಗಿ ಬಡಿಯಬೇಕು, ಬೆಲ್ಲ ಬಂದರೆ ನಿಧಾನಕ್ಕೆ. ಮೆಣಸಿನಕಾಯಿ ಸರಸರ ಬಂತು. ನಾನು ಬಡಿದೆ. ಹಿಂದೆಯೇ ಬೆಲ್ಲ ಹೊರಟದ್ದನ್ನು ಕಣ್ಣಾರೆ ನೋಡಿದೆ, ಆದರೆ ನನ್ನ ತನಕ ಬರಲೇ ಇಲ್ಲ. ನಾನು ಬಡಿಯುತ್ತಲೇ ಇದ್ದೆ, ತೋಳು ಸೋತು ಬಂತು. ಅಕ್ಕೋರು ಸಾಲಿನುದ್ದಕ್ಕೂ ನಡೆದು ಬಂದು ನಡುವಿದ್ದ ನನ್ನ ಗೆಳತಿಯ ಉಬ್ಬಿದ ಗಲ್ಲ ಹಿಡಿದರು. "ಸುದ್ದೀನ ತಿಂದ ಕುಂತಾಳ ನೋಡ್ರಿ ಇಕಿ! ಬೆಲ್ಲ ಮುಟ್ಟಲಿಲ್ಲಂದ್ರ ಎದಿ ಹಿಂಗ ಬಡಕೋತ ಇರತೈತಿ, ಬಿಪಿ ಏರತೈತಿ. ಮೆಣಸಿನಕಾಯಿ ಯಾಕ ತಿನ್ನಲಿಲ್ಲ ಬೇ?" ಇಡೀ ವರ್ಗ ಬಿದ್ದು ಬಿದ್ದು ನಕ್ಕಿತು. ಆಮೇಲೆ ಕರಿಹಲಗೆಯ ಮೇಲೆ ಮೆಣಸಿನಕಾಯಿಯ ನಿಜವಾದ ಹೆಸರು ನಾರ್‌ಅಡ್ರಿನಲಿನ್ ಎಂದೂ ಬೆಲ್ಲದ ಹೆಸರು ಅಸಿಟೈಲ್‌ಕೋಲಿನ್ ಎಂದೂ ಬರೆದರು. ಅಷ್ಟು ಉದ್ದದ ಹೆಸರನ್ನು ನಮ್ಮಲ್ಲಿ ಯಾರೂ ಮರೆಯಲಿಲ್ಲ.

ಓದು ಮುಗಿದು ಕುಂದಗೋಳದ ಒಂದು ಆಫೀಸಿನಲ್ಲಿ ಕಾರಕೂನಳಾಗಿ ಸೇರಿದ್ದೆ. ಇನ್ನೇನು ಮದುವೆ ಮಾತು ಶುರುವಾಗಬೇಕು, ಅಷ್ಟರಲ್ಲಿ ನನ್ನ ಎರಡೂ ಕಿಡ್ನಿ ಕೈಕೊಟ್ಟವು. ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುವುದೇ ನನ್ನ ಬದುಕಾಯಿತು. ಬೇರೆ ಕಿಡ್ನಿ ಹಾಕಿದರೆ ಮಾತ್ರ ದಾರಿ ಎಂದರು ಡಾಕ್ಟರು. ಅಪ್ಪನಿಗೆ ಸಕ್ಕರೆ ಕಾಯಿಲೆ, ಅವರದು ನಡೆಯುವುದಿಲ್ಲ. ಅವ್ವನ ರಕ್ತದ ಗುಂಪು ಹೊಂದಿತು. "ಹಡದಾಕಿ ನಾ, ಕೊಡಾಕಿನೂ ನಾನ" ಎಂದು ಅವ್ವ ಸೆರಗು ಬಿಗಿದಳು. ಉಳಿದ ತಪಾಸಣೆಗಳೆಲ್ಲ ಸಲೀಸಾಗಿ ದಾಟಿದಳು. ಸಿಕ್ಕಿಬಿದ್ದದ್ದು ಒಂದರಲ್ಲೇ, ರಕ್ತದೊತ್ತಡದಲ್ಲಿ. ತೋಳಿಗೆ ಪಟ್ಟಿ ಸುತ್ತಿದರೆ ಸಾಕು, ನೂರಾ ಅರವತ್ತರ ಮೇಲೆ. ಇನ್ನೊಮ್ಮೆ ಹೋದರೂ ಅದೇ, ಮತ್ತೊಮ್ಮೆ ಹೋದರೂ ಅದೇ.

"ಬಿಪಿ ಇದ್ದವರು ಒಂದು ಕಿಡ್ನಿ ಕೊಟ್ಟರೆ ಉಳಿದ ಇನ್ನೊಂದಕ್ಕೆ ಪೆಟ್ಟು ಬೀಳುತ್ತದೆ. ಮಗಳನ್ನು ಉಳಿಸಲು ತಾಯಿಯನ್ನು ಕೆಡಿಸಲು ನಾನು ತಯಾರಿಲ್ಲ" ಎಂದರು ಡಾಕ್ಟರು. ಅವರು ಹೇಳಿದ್ದು ಸರಿಯೇ ಇತ್ತು. ಆದರೂ ನನಗೆ ಸಿಟ್ಟು ಬಂತು, ಡಾಕ್ಟರ ಮೇಲೆ, ಆ ಯಂತ್ರದ ಮೇಲೆ, ಕೊನೆಗೆ ಅವ್ವನ ಮೇಲೂ. ವಾಪಸು ಬರುವಾಗ ರೈಲಿನಲ್ಲಿ ಅವ್ವ ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದಳು. ಸಾಯುವುದಾದರೆ ಸಾಯುತ್ತೇನೆ, ಅಳಬೇಡ ಎಂದು ನಾನು ಒದರಿದೆ. ಡಬ್ಬಿಯ ಜನವೆಲ್ಲ ತಿರುಗಿ ನೋಡಿದರು.

ಮರುದಿನ ಮುಂಜಾನೆಯೇ ಅಕ್ಕೋರು ನಮ್ಮ ಬಾಗಿಲಲ್ಲಿ ಪ್ರತ್ಯಕ್ಷ. ಆಗಲೇ ನೌಕರಿಯಿಂದ ನಿವೃತ್ತರಾಗಿದ್ದರು. ಬಗಲಲ್ಲಿ ಪಾದರಸದ ಬಿಪಿ ಪೆಟ್ಟಿಗೆ, ಕೊರಳಲ್ಲಿ ಸ್ಟೆಥಾಸ್ಕೋಪು. "ಸುದ್ದಿ ಕೇಳಿದೆ. ದವಾಖಾನಿ ಅಂದ್ರ ಹೆದರಿಕಿ ಇರತೈತಿ ಎಲ್ಲಾರಿಗೂ. ಮನ್ಯಾಗ ನೋಡೂಣು" ಎಂದು ಅವ್ವನನ್ನು ಕೂರಿಸಿದರು. ಚಹಾ ಬಂದ್ ಮಾಡಿಸಿದರು. ಕುಪ್ಪಸದ ಬಿಗಿ ತೋಳನ್ನು ಸಡಿಲ ಹೊಲಿಸಿದರು. ಅಳೆಯುವಾಗ ಮಾತಾಡಬಾರದು, ಬೆನ್ನು ಗೋಡೆಗೆ ಆನಿಸಬೇಕು, ಕಾಲು ನೆಲಕ್ಕೆ ಊರಬೇಕು. ಎಲ್ಲ ಮಾಡಿದರೂ ಪಾದರಸ ಮೇಲೆಯೇ ನಿಂತಿತು. ದಿನಾ ಬಂದರು, ದಿನಾ ಅದೇ ಹಣೆಬರಹ.

"ಅಕ್ಕೋರ, ನೀವರ ಒಂದೀಟು ಕಡಿಮಿ ಬರದು ಕೊಡ್ರಿ" ಎಂದಳು ಅವ್ವ, ಒಂದು ದಿನ ತಡೆಯಲಾರದೆ.

ಅಕ್ಕೋರ ಮುಖ ಕೆಂಪಾಯಿತು. "ಖರೇನ ಬಿಪಿ ಇದ್ರ ನಾನ ಮೊದಲು ಬ್ಯಾಡ ಅಂತೀನಿ ತಿಳಕೋ. ಇಕಿನ್ನ ಉಳಸಾಕ ನಿನ್ನ ಸುಟ್ಟು ಹಾಕೂದು ನನ್ನಿಂದ ಆಗೂದಿಲ್ಲವಾ." ಹಾಗೆ ಹೇಳಿ ಅಂಗಳಕ್ಕೆ ಹೋಗಿ ಬಹಳ ಹೊತ್ತು ಬೆನ್ನು ತಿರುಗಿಸಿ ನಿಂತಿದ್ದರು. ಅವರಿಗೂ ದಾರಿ ಮುಗಿದಿತ್ತು ಎಂದು ನನಗೆ ಅನಿಸಿದ್ದು ಅಂದೇ.

ಆದರೂ ಮತ್ತೆ ಬಂದರು. ಅಂದು ಅವ್ವನ ಬಲತೋಳು ರಕ್ತ ತೆಗೆಸಿಕೊಂಡು ಬಂದು ನೋಯುತ್ತಿತ್ತು. "ಹಂಗಾರ ಎಡಗೈ ಕೊಡು" ಎಂದರು ಅಕ್ಕೋರು. ಅವ್ವ ಹಿಂದೆಮುಂದೆ ನೋಡಿದಳು. ಸೆರಗಿನ ಒಳಗಿಂದ ಎಡಗೈ ಬರಲು ತಡವಾಯಿತು. ಬಂದ ಕೈಯನ್ನು ಅಕ್ಕೋರು ಅಂಗಾತ ಮಾಡಿದರು. ಅಂಗೈ ನಡುವೆ ಕೆಂಪಗೆ, ದುಂಡಗೆ ಒಂದು ಒತ್ತು ಮೂಡಿತ್ತು.

"ಇದೇನವಾ?"

"ಲಿಂಗದ್ದರಿ" ಎಂದಳು ಅವ್ವ, ಕೊರಳಲ್ಲಿ ಇಳಿಬಿಟ್ಟ ಲಿಂಗದ ಬೆಳ್ಳಿ ಕರಡಿಗೆಯನ್ನು ಮುಟ್ಟಿ. "ಮಶಿನ್ ಕಂಡ ಕೂಡ್ಲೆ ಸೆರಗಿನಾಗ ಗಟ್ಟಿ ಹಿಡಕೋತೀನ್ರಿ. ಇದೊಂದ ಸಲ ಇಳಸಪಾ ತಂದೆ ಅಂತ ಬೇಡಿಕೋತೀನ್ರಿ."

"ಪ್ರತಿ ಸಲಾನೂ?"

"ಹೌದ್ರಿ. ಅದು ಕೈ ಹಿಚಕಿ ಮುಗಿಯೂ ಮಟಾ ಉಸರೂ ಬಿಡೂದಿಲ್ರಿ."

ಅಕ್ಕೋರು ಹಣೆ ಬಡಿದುಕೊಂಡರು. "ಯಾ ಅಲ್ಲಾ! ಇಳೀಲಿ ಅಂತ ಬೇಡಿಕೋತ ನೀನ ಏರಸಾಕತ್ತಿಯಲ್ಲವಾ!" ಎಂದು ನಗತೊಡಗಿದರು, ನಗುತ್ತಲೇ ಕಣ್ಣೊರೆಸಿಕೊಂಡರು. ಆಮೇಲೆ ಅವ್ವನ ಕುತ್ತಿಗೆಯ ಹಿಂದೆ, ಹೆಡಕಿನ ಮೇಲೆ ಕೈಯಿಟ್ಟು ಹೇಳಿದರು: "ಇಲ್ಲಿ, ಮೆದುಳಿನ ಬುಡದಾಗ ಬಿಪಿ ನೋಡಿಕೊಳ್ಳೂ ಜಾಗಾ ಐತಿ. ರಕ್ತ ಎಷ್ಟು ಜೋರ ಐತಿ ಅಂತ ಕುತ್ತಿಗಿ ನಾಳದಿಂದ ಇಲ್ಲಿಗೆ ಸುದ್ದಿ ಬರತೈತಿ. ಜಾಸ್ತಿ ಆದ್ರ ಈ ಜಾಗಾ ಬೆಲ್ಲ ಕಳಸತೈತಿ, ಎದಿ ನಿಧಾನ ಆಗತೈತಿ. ನೀ ಮುಷ್ಟಿ ಬಿಗದು ಉಸರು ಕಟ್ಟಿದ್ರ, ಇಕಿ ಏನೋ ದೊಡ್ಡ ಭಾರ ಎತ್ತಾಕತ್ತಾಳ ಅಂತ ತಿಳಕೊಂಡು ಬರೇ ಮೆಣಸಿನಕಾಯಿ ಕಳಸತೈತಿ. ರಕ್ತನಾಳ ಎಲ್ಲಾ ಬಿಗಿ ಹಿಡಿತಾವು. ಮ್ಯಾಲ ಹೆದರಿಕಿ ಬ್ಯಾರೆ."

ಅವ್ವನಿಗೆ ಮೆಣಸಿನಕಾಯಿ ತಿಳಿಯಿತು, ಉಳಿದದ್ದು ತಿಳಿಯಲಿಲ್ಲ. ಅವಳ ಮುಖ ಸಣ್ಣದಾಯಿತು. "ಹಂಗಾರ ದೇವರನ್ನ ಬಿಡು ಅಂತೀರೇನ್ರಿ?"

"ಬಿಡು ಅನ್ನಾಕ ನಾ ಯಾರವಾ?" ಎಂದರು ಅಕ್ಕೋರು, ಮೆತ್ತಗೆ. "ದಿನಾ ಮುಂಜಾನೆ ಪೂಜಾ ಮಾಡೂ ಮುಂದ ಲಿಂಗ ಹೆಂಗ ಹಿಡಿತಿ? ಅಷ್ಟ ತೋರ್ಸು."

ಅವ್ವ ಎಡಗೈಯನ್ನು ಎದೆಯ ಮಟ್ಟಕ್ಕೆ ತಂದು ಅಂಗೈ ತೆರೆದಳು. ಲಿಂಗ ಅಲ್ಲಿರಲಿಲ್ಲ, ಆದರೂ ಅವಳ ದೃಷ್ಟಿ ತಾನಾಗಿಯೇ ಅಂಗೈ ನಡುವೆ ನೆಟ್ಟಿತು. ಹುಟ್ಟಿದಾಗಿನಿಂದ ನಾನು ಆ ಪೂಜೆಯನ್ನು ನೋಡಿದ್ದೇನೆ; ಆ ಹೊತ್ತಿನಲ್ಲಿ ಅವಳ ಉಸಿರು ಅಷ್ಟು ನಿಧಾನವಾಗುತ್ತದೆ ಎಂದು ಮಾತ್ರ ಎಂದೂ ಗಮನಿಸಿರಲಿಲ್ಲ.

"ಬರೋಬ್ಬರಿ. ಲಿಂಗ ಕೊರಳಾಗ ಇರ್ಲಿ. ಅಂಗೈ ತಗದಿರ್ಲಿ, ಉಸರು ಹಂಗ ನಡೀಲಿ. ಬೇಡಿಕೊಳ್ಳೂದು ಬೇಡಿಕೋ, ಯಾರ ಬ್ಯಾಡಂತಾರ?" ಎಂದು ಅಕ್ಕೋರು ಅವಳ ಕೈಯನ್ನು ತೊಡೆಯ ಮೇಲೆ ಅಂಗಾತ ಇಳಿಸಿ, ತುಸು ಹೊತ್ತು ಸುಮ್ಮನೆ ಕೂರಿಸಿ, ಪಟ್ಟಿ ಸುತ್ತಿ ಗಾಳಿ ತುಂಬಿದರು. ಪಾದರಸ ಇಳಿಯಿತು. ಇನ್ನೂ ಇಳಿಯಿತು. ಸ್ಟೆಥಾಸ್ಕೋಪು ಕಿವಿಯಿಂದ ತೆಗೆದು ಒರೆಸಿ ಮತ್ತೆ ನೋಡಿದರು, ಆ ತೋಳು ಬಿಟ್ಟು ಈ ತೋಳು ನೋಡಿದರು. ಆಮೇಲೆ ಎದ್ದು ನಿಂತು ಓಣಿಗೆಲ್ಲ ಕೇಳುವಂತೆ ಕೂಗಿದರು: "ನೂರಾ ಇಪ್ಪತ್ತೆಂಟು! ಲೇ ಹುಡುಗಿ, ನಿಮ್ಮವ್ವಗ ಏನೂ ಆಗಿಲ್ಲ ಬೇ! ಅಗದಿ ಛಲೋ ಅದಾಳ!"

ಹುಬ್ಬಳ್ಳಿಗೆ ಅವರೂ ನಮ್ಮ ಜೊತೆ ಬಂದರು. ಡಾಕ್ಟರು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, "ಒಂದೆರಡು ಸಲ ಇಳಿದದ್ದು ನನಗೆ ಸಾಲದು. ಹಗಲು ರಾತ್ರಿ ತಾನೇ ಅಳೆಯುವ ಯಂತ್ರ ಕಟ್ಟಿ ಕಳಿಸುತ್ತೇನೆ" ಎಂದರು. "ಕಟ್ರಿ ಸರ್, ನಮಗೂ ಖರೇ ಬೇಕಾಗೇತಿ" ಎಂದರು ಅಕ್ಕೋರು. ಅವ್ವ ಆ ಯಂತ್ರ ಕಟ್ಟಿಕೊಂಡೇ ರೊಟ್ಟಿ ಬಡಿದಳು. ಅದು ಗುರ್ ಎಂದ ಕೂಡಲೇ ಬಡಿಯುವುದನ್ನು ನಿಲ್ಲಿಸಿ, ಹಿಟ್ಟು ಹತ್ತಿದ ಅಂಗೈ ತೆರೆದು ದೇವರಂತೆ ಕೂರುತ್ತಿದ್ದಳು. ಹಂಚಿನ ಮೇಲಿನ ರೊಟ್ಟಿ ಕರಕಾದರೂ ಅಲುಗುತ್ತಿರಲಿಲ್ಲ. ಅಪ್ಪ ಎರಡು ಹೊತ್ತು ಕರಕು ರೊಟ್ಟಿಯನ್ನು ತುಟಿಪಿಟಕ್ಕೆನ್ನದೆ ತಿಂದರು. ಯಂತ್ರ ಬಿಚ್ಚಿ ನೋಡಿದ ಡಾಕ್ಟರು ಕನ್ನಡಕ ತೆಗೆದು ಅವ್ವನಿಗೆ ಕೈಮುಗಿದರು. "ನಡೀರಿ ತಾಯಿ, ಮಾಡೋಣ."

ಶಸ್ತ್ರಕ್ರಿಯೆ ಆಯಿತು. ಅವ್ವನ ಕಿಡ್ನಿಯನ್ನು ನನ್ನೊಳಗೆ ಜೋಡಿಸಿ ಇನ್ನೂ ಹೊಲಿಗೆ ಹಾಕುತ್ತಿರುವಾಗಲೇ ಅದು ಕೆಲಸ ಶುರು ಮಾಡಿತಂತೆ. ನರ್ಸ್ ಹೊರಗೆ ಬಂದು ಹೇಳಿದ ಕೂಡಲೇ ಅಕ್ಕೋರು ದವಾಖಾನೆಯ ಪಡಸಾಲೆಯಲ್ಲಿ ಎರಡೂ ಕೈ ಎತ್ತಿ "ಉಚ್ಚಿ ಬಂತು! ನಮ್ಮ ಹುಡುಗಿಗೆ ಉಚ್ಚಿ ಬಂತು!" ಎಂದು ಸಾರಿದರಂತೆ. ಗುರುತಿಲ್ಲದ ಮಂದಿಗೆಲ್ಲ ಫೇಡೆ ಹಂಚಿದರಂತೆ. "ಏನು ಖುಷಿ ಅಮ್ಮಾ, ಮೊಮ್ಮಗನಾ?" ಎಂದು ಯಾರೋ ಕೇಳಿದರೆ, "ಉಚ್ಚಿರೀ ಯಪ್ಪಾ, ಉಚ್ಚಿ! ತಿನ್ರಿ!" ಅಪ್ಪ ನಾಚಿ ಕಂಬದ ಮರೆಗೆ ಸರಿದು ನಿಂತು, ಅಲ್ಲಿಯೇ ಫೇಡೆ ತಿನ್ನುತ್ತ ಅತ್ತರಂತೆ.

ಡಯಾಲಿಸಿಸ್ ಮಾಡಿಸಿಕೊಂಡವರಿಗೆ ಗೊತ್ತು ನೀರಡಿಕೆ ಎಂದರೆ ಏನು ಎಂದು. ಅಳೆದು ಗುಟುಕರಿಸಬೇಕು. ನಾಲಿಗೆ ಅಂಗುಳಿಗೆ ಅಂಟಿದರೂ ಅಷ್ಟೇ. ಈಗ ಎಲ್ಲ ತಿರುಗುಮುರುಗು: ಎಷ್ಟು ಕುಡಿದರೆ ಅಷ್ಟು ಒಳ್ಳೆಯದು, ಕುಡಿಯದಿದ್ದರೆ ಅವ್ವನ ಕಿಡ್ನಿಗೆ ತ್ರಾಸು. ನಾನು ಮತ್ತೆ ಕೆಲಸಕ್ಕೆ ಸೇರಿದೆ, ಮತ್ತೆ ಎಲ್ಲರ ಜೊತೆ ಜಗಳ ಶುರು ಮಾಡಿದೆ. ಅವ್ವನ ಬಿಪಿ ಇಂದಿಗೂ ನೆಟ್ಟಗಿದೆ.

ಅಕ್ಕೋರು ಹೋದದ್ದು ಹೋದ ವರ್ಷ, ನಿದ್ದೆಯಲ್ಲೇ. ಸುದ್ದಿ ಮುಟ್ಟಿದಾಗ ನಾನು ಆಫೀಸಿನಲ್ಲಿದ್ದೆ. ಸಿಕ್ಕ ಬಸ್ಸು ಹತ್ತಿ ಓಡಿಬಂದೆ. ಮನೆ ತುಂಬ ಹೆಣ್ಣುಮಕ್ಕಳು ಅಳುತ್ತಿದ್ದರು. ನನ್ನನ್ನು ನೋಡಿದ್ದೇ ಅವರ ಸೊಸೆ ಎದ್ದು ಒಳಗೆ ಹೋಗಿ, ಒಂದು ತಂಬಿಗೆ ನೀರು ತಂದು ನನ್ನ ಮುಂದೆ ಹಿಡಿದಳು.

"ಈಗ ಬ್ಯಾಡ್ರೀ ಭಾಬಿ."

"ನಮ್ಮತ್ತಿ ಹೇಳಿಟ್ಟಾರ" ಎಂದಳು ಆಕೆ, ಅಳುತ್ತಲೇ. "ನಾ ಹ್ವಾದ ದಿನ ಆ ಹುಡುಗಿ ಓಡಿ ಬರತಾಳ, ನೀರು ಕುಡಿಯೂದು ಮರೀತಾಳ. ಮೊದಲ ನೀರು ಕೊಡು, ಕುಡದ ಮ್ಯಾಲ ಅಳ್ಲಿ, ಅಂತ."

ಅಷ್ಟು ಜನರ ನಡುವೆ ನಿಂತು ಒಂದು ಹನಿ ಬಿಡದೆ ಕುಡಿದೆ. ತಂಬಿಗೆ ಖಾಲಿಯಾದದ್ದನ್ನು ಭಾಬಿಗೆ ತೋರಿಸಿದೆ. ಆಮೇಲೆ ಅಕ್ಕೋರ ಕಾಲ ಬಳಿ ಕುಳಿತು, ಮನಸ್ಸು ಬಿಚ್ಚಿ ಅತ್ತುಬಿಟ್ಟೆ.