ಎಡಗೈ ಮ್ಯಾಲ

ಧನಕವಡಿಯಲ್ಲಿ ನಮ್ಮ ಮೇಲಿನ ಮನೆಯಾಕೆ ದೇಶಕ್ಕಾಗಿ ಹಾಕಿ ಆಡಿದವರು. ಮೊಣಕಾಲಿನ ಆಪರೇಷನ್ ಆದಮೇಲೆ ತಂಡ ಅವರನ್ನು ಮರೆತಿತ್ತು. ರೈಲಿನಲ್ಲಿ ಟಿಕೆಟ್ ತಪಾಸಣೆಯ ಕೆಲಸ ಮುಗಿಸಿ ಬಂದು, ಪಾರ್ಕಿಂಗ್ ಜಾಗದಲ್ಲಿ ಒಬ್ಬರೇ ಚೆಂಡು ಹೊಡೆಯುತ್ತಿದ್ದರು. ಇನ್ನೂ ಯಾಕೆ ಎಂದು ಯಾರಾದರೂ ಕೇಳಿದರೆ, "ಕರೀತಾರ್ರಿ" ಅನ್ನುವರು.

ನನ್ನ ಮಗಳು ಎಡಚಿ. ನಮ್ಮತ್ತೆಯ ಬೈಗುಳಕ್ಕೆ ಹೆದರಿ ಎಡಗೈಯನ್ನು ಬೆನ್ನ ಹಿಂದೆ ಬಚ್ಚಿಡುತ್ತಿದ್ದಳು. ಒಂದು ಸಂಜೆ ಮೇಲಿನ ಮನೆಯಾಕೆ ಸ್ಟಿಕ್ ಕೊಟ್ಟಾಗಲೂ ಬಲಗೈಯನ್ನೇ ಚಾಚಿದಳು.

"ಹಂಗಲ್ಲವ್ವಾ. ಎಡಗೈ ಮ್ಯಾಲ ಹಿಡಿ. ಸ್ಟಿಕ್ ತಿರಗಸೂದು ಅದೇ. ಬಲಗೈ ಬರೇ ಆಸರಕ್ಕ," ಅಂದರು.

ಕೊನೆಗೂ ಅವರನ್ನು ತಂಡದ ಶಿಬಿರಕ್ಕೆ ಕರೆದರು. ಹೊರಟು ನಿಂತವರಿಗೆ ಶುಭವಾಗಲೆಂದು ಮಗಳು ಮೊಸರು-ಸಕ್ಕರೆಯ ಚಮಚೆ ಚಾಚಿದಳು, ಎಡಗೈಯಲ್ಲಿ. ಅತ್ತೆ ಬೈಯಲು ಬಾಯಿ ತೆರೆಯುವಷ್ಟರಲ್ಲಿ ಆಕೆ ಅದನ್ನು ತಿಂದು ಮುಗಿಸಿದ್ದರು.