ಪತ್ಥರ್ ಝೀಲ್‌ನ ಮರಳು

ದಿಲ್ಲಿ ಹತ್ತಿರದ ಮಾನೇಸರ್ ಆಚೆಯ ಪತ್ಥರ್ ಝೀಲ್ ಮೊದಲು ಕೆರೆಯಾಗಿರಲಿಲ್ಲ, ಕಲ್ಲು ಕ್ವಾರಿಯಾಗಿತ್ತು. ಗಣಿಗಾರಿಕೆ ನಿಂತ ಮೇಲೆ ಗುಂಡಿಯಲ್ಲಿ ಮಳೆನೀರು ತುಂಬಿತು, ಸುತ್ತಲಿನ ಹಳ್ಳಿಯವರು ಎಮ್ಮೆ ಮೈತೊಳೆಯಲು ಬಂದರು. ಆಮೇಲೆ ಯಾರೋ ಅಧಿಕಾರಿಗೆ ಅಲ್ಲೊಂದು ಬೀಚ್ ಮಾಡುವ ಮನಸ್ಸಾಯಿತು. ಲಾರಿಗಳಲ್ಲಿ ಮರಳು ಬಂತು. ಬಟ್ಟೆ ಬದಲಿಸುವ ಕೋಣೆಗಳು, ಪೆಡಲ್ ದೋಣಿಗಳು, ಭುಟ್ಟಾ, ಅಂದರೆ ಜೋಳದ ತೆನೆ, ಸುಡುವ ಗಾಡಿಗಳು ಬಂದವು. ನೀರಿಗಿಳಿಯುವವರಿಗೆಂದು ತೇಲುವ ಹಗ್ಗ ಕಟ್ಟಿದರು. ಭಾನುವಾರಗಳಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ.

ಹೊನ್ನಾವರದ ಸಂಯುಕ್ತಾ ಸಮುದ್ರದಲ್ಲಿ ಈಜಿ ಬೆಳೆದವಳು. ಕೆಲಸ ಮಾನೇಸರ್‌ನ ಕಾರ್ಖಾನೆಯೊಂದರಲ್ಲಿ, ಮನೆ ದಿಲ್ಲಿಯ ಜನಕಪುರಿಯಲ್ಲಿ. ಗಂಡ ಚಿರಂತ್, ಮಗಳು ಮಾನ್ಯಾ ಜತೆ ಮೊದಲ ಸಲ ಬಂದ ದಿನವೇ ಅವಳು ಹಗ್ಗದವರೆಗೆ ನಡೆದು ಕಾಲು ಚಾಚಿ ನೋಡಿದಳು. ಹಗ್ಗದಾಚೆ ನೆಲವೇ ಸಿಗಲಿಲ್ಲ. ಸಮುದ್ರದಂತೆ ಮೆಲ್ಲಗೆ ಆಳವಾಗುವ ನೀರಲ್ಲ ಇದು; ಕ್ವಾರಿಯ ಗೋಡೆ ನೇರ ಕೆಳಗಿಳಿದಿತ್ತು.

ಓಡಿಬಂದು ಕಾವಲುಗಾರನಿಗೆ ಹೇಳಿದಳು.

"ರಸ್ಸೀ ಹೈ ನಾ, ಮೇಡಂ," ಎಂದು ಅವನು ಹಗ್ಗ ತೋರಿಸಿದ.

"ಅಮ್ಮಾ, ಬೈಠೋ ನಾ! ನಿಂಗೆ ಯಾವಾಗ್ಲೂ ಟೆನ್ಶನ್," ಎಂದಳು ಮಾನ್ಯಾ.

ಕೂತಳು. ಆದರೆ ಕೈಯಲ್ಲಿದ್ದ ಭುಟ್ಟಾ ತಣ್ಣಗಾದರೂ ಕಣ್ಣು ನೀರಿನಿಂದ ಕದಲಲಿಲ್ಲ.

ಹಗ್ಗದ ಬಳಿ ಹೆಂಗಸೊಬ್ಬಳು ಸೆಲ್ಫಿ ತೆಗೆಯುತ್ತ ಹಿಂದೆ ಸರಿಯುತ್ತಿದ್ದಳು. ಬೆನ್ನು ತಾಗಿ ಹಗ್ಗ ತಗ್ಗಿತು, ಅವಳು ಆಚೆಗೆ ಬಿದ್ದಳು. ಕೂಗು ಕೇಳಿಸಲೇ ಇಲ್ಲ. ದುಪಟ್ಟಾ ಮಾತ್ರ ನೀರಿನ ಮೇಲೆ ಹರಡಿಕೊಂಡಿತು. ಪಕ್ಕದಲ್ಲಿದ್ದವರು ಇನ್ನೂ ನಗುತ್ತಲೇ ಇದ್ದರು.

ಸಂಯುಕ್ತಾ ಉಟ್ಟ ಬಟ್ಟೆಯಲ್ಲೇ ಧುಮುಕಿದಳು. ಆ ಹೆಂಗಸು ಅವಳ ಕೊರಳನ್ನೇ ತಬ್ಬಿಕೊಂಡು ಕೆಳಗೆಳೆದಳು. ಉಸಿರು ಕಟ್ಟಿತು. ಬಿಡಿಸಿಕೊಳ್ಳಲು ಹೆಣಗದೆ ಸಂಯುಕ್ತಾ ಇನ್ನಷ್ಟು ಆಳಕ್ಕಿಳಿದಳು. ಮೇಲೇರುವ ಆತುರದಲ್ಲಿ ಆ ಹೆಂಗಸಿನ ಹಿಡಿತ ಸಡಿಲಾಯಿತು. ಹಿಂದಿನಿಂದ ಬಂದು, ಗದ್ದ ಎತ್ತಿ ಹಿಡಿದು, ದಡಕ್ಕೆ ಎಳೆದು ತಂದಳು. ಆ ಹೆಂಗಸು ಮರಳಿನ ಮೇಲೆ ನೀರು ಕಾರಿ ಕೆಮ್ಮಿದಾಗ ಚಿರಂತ್‌ಗೆ ಅಳು ಬಂತು.

ಮರುದಿನದಿಂದ ಸಂಯುಕ್ತಾ ಕೆಲಸ ಮುಗಿಸಿ ಬೀಚ್ ಕಚೇರಿಗೆ ಅಲೆದಳು. ಸಾಹೇಬರಿಲ್ಲ ಎಂದರೆ ಬರುವವರೆಗೆ ವರಾಂಡದಲ್ಲಿ ಶತಪಥ ಹಾಕಿದಳು. ಕಡೆಗೆ ಅವಳ ಕಾಟ ತಾಳಲಾರದೆ ಹಗ್ಗವನ್ನು ದಡದತ್ತ ಸರಿಸಿ, ಕೆಂಪು ಬಾವುಟ ನೆಟ್ಟು, ಈಜು ಬಲ್ಲ ಇಬ್ಬರನ್ನು ನೇಮಿಸಿದರು.

ಬದುಕಿ ಉಳಿದವಳು ಸುಶೀಲಾ, ಸರೋಜಿನಿ ನಗರದ ಶಾಲಾ ಟೀಚರ್. ಒಂದು ಭಾನುವಾರ ಬೆಳಿಗ್ಗೆ ಹುಡುಕಿಕೊಂಡು ಬಂದು, "ಮುಝೇ ತೈರನಾ ಸಿಖಾವೋಗೀ?" ಎಂದು ಕೇಳಿದಳು. ಈಜು ಕಲಿಯಲು ಬಂದವಳು ಗೆಳತಿಯರನ್ನೂ ಕರೆತಂದಳು. ಈಗ ವಾರವಾರವೂ ಆ ಹೆಂಗಸರು ಸಾಲಾಗಿ ಹಗ್ಗ ಹಿಡಿದು ಕಾಲು ಬಡಿಯುತ್ತಾರೆ.

"ಈಗಲಾದ್ರೂ ನೆಮ್ಮದೀನಾ?" ಎಂದು ಮೊನ್ನೆ ಚಿರಂತ್ ಕೇಳಿದ.

"ಎಲ್ಲಿಯ ನೆಮ್ಮದಿ ಚಿರಂತ್? ಅಲ್ಲಿ ನೋಡು, ಆಚೆ ಬಂಡೆ ಮೇಲಿಂದ ಯಾರೋ ಹಾರೋಕೆ ನಿಂತಿದಾರೆ," ಎಂದವಳೇ ಸಂಯುಕ್ತಾ ಚಪ್ಪಲಿ ಬಿಟ್ಟು ಓಡಿದಳು.